ಅಂಟಿಸಿ ಮುಚ್ಚಿದ ಸಾಕ್ಷಿ

ನಾರಾಯಣಪೇಟೆಯ ನಮ್ಮ ವಾಚನಾಲಯಕ್ಕೆ ನನ್ನ ಜಾಗದಲ್ಲಿ ಹೊಸದಾಗಿ ಸೇರಿಕೊಂಡ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಅಕ್ಕಾರ, ಹುಡುಗರಿಗೆ ಯಾವ್ಯಾವ ಪತ್ರಿಕೆ ತರಸಬೇಕ್ರಿ? ನೀವು ಹೆಸರು ಹೇಳಿಬಿಡ್ರಿ, ನಾ ಬರಕೋತೀನಿ" ಅಂದಳು. ಹೆಸರು ಹೇಳಿದರೆ ಮುಗಿಯುವ ಕೆಲಸವಾಗಿದ್ದರೆ ಅದಕ್ಕೆ ನಾನೇಕೆ ಬೇಕಿತ್ತು, ನೀನೇಕೆ ಬೇಕು? ಅಂಚೆಯವನೇ ಮಾಡಿಕೊಂಡು ಹೋಗುತ್ತಿದ್ದ. ಫೋನಿನಲ್ಲಿ ಅದನ್ನು ಬಿಡಿಸಿ ಹೇಳಲು ಆಗಲಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಮಾತು ಬೇಗ ಮುಗಿದುಹೋಗುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಕೆಲಸ ಏನಿತ್ತೆಂದು ಮೊದಲು ಹೇಳುತ್ತೇನೆ. ನಮ್ಮ ಕ್ರೈಸ್ತ ಸಭೆಗಳ ಒಕ್ಕೂಟಕ್ಕೆ ನಾರಾಯಣಪೇಟೆಯಲ್ಲಿ ಒಂದು ವಾಚನಾಲಯ, ಮಕ್ತಲ್ ಮತ್ತು ಗದ್ವಾಲದ ಚರ್ಚುಗಳಲ್ಲಿ ಒಂದೊಂದು ಗಾಜಿನ ಬಾಗಿಲಿನ ಬೀರು. ಈ ಮೂರು ಕಡೆ ಹರೆಯದ ಹುಡುಗ ಹುಡುಗಿಯರಿಗೆ, ಅದರಲ್ಲೂ ಹಾಡುವವರಿಗೆ, ಕೀಬೋರ್ಡ್ ಗಿಟಾರ್ ಹಿಡಿದವರಿಗೆ ಕ್ರೈಸ್ತ ಪತ್ರಿಕೆಗಳನ್ನು ಆರಿಸಿ ತರಿಸುವುದು ನನ್ನ ಪಾಲಿನ ಕೆಲಸ. ಬಂದದ್ದನ್ನು ಮೊದಲು ನಾನು ಓದಬೇಕು, ಆಮೇಲೆ ಬೀರುವಿನಲ್ಲಿ ಇಡಬೇಕು. ತಿಂಗಳಿಗೊಮ್ಮೆ ಚೀಲ ಹೊತ್ತು ಬಸ್ಸು ಹತ್ತಿದರೆ ಊಟ್ಕೂರಿನ ಮೇಲೆ ಮಕ್ತಲ್, ಅಲ್ಲಿಂದ ಡ್ಯಾಂ ದಾಟಿ ಗದ್ವಾಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು "ಏನ್ರಿ ಅಕ್ಕಾರ, ಸೀರಿ ಮಾರಾಕ ಹೊಂಟೀರೇನು?" ಎಂದು ಕೇಳುತ್ತಿದ್ದರು. ಹೌದು ಅಂದುಬಿಡುತ್ತಿದ್ದೆ. ಎರಡೂ ಸೀರೆ ನೇಯುವ ಊರುಗಳೇ, ನಾರಾಯಣಪೇಟೆಯಿಂದ ಗದ್ವಾಲಕ್ಕೆ ಸೀರೆ ಮಾರಲು ಹೋಗುವವಳು ಎಂಥ ಹುಚ್ಚಿ ಎಂದು ಅವರೇ ಯೋಚಿಸಿಕೊಳ್ಳಲಿ.

ಕೆಲಸ ಕಲಿಸಿದವರು ಸುಗುಣಮ್ಮ ಟೀಚರ್. ಶಾಲೆಯಿಂದ ನಿವೃತ್ತರಾಗಿ ವಾಚನಾಲಯ ನೋಡಿಕೊಳ್ಳುತ್ತಿದ್ದರು. ಅವರ ಮುಂದೆ ಒಕ್ಕೂಟದ ಚೇರ್ಮನ್ನರೂ ಎದ್ದು ನಿಲ್ಲುತ್ತಿದ್ದರು. ಮೊದಲ ದಿನವೇ ನನ್ನ ಕೈಗೆ ಒಂದು ಪತ್ರಿಕೆ ಕೊಟ್ಟು, "ಹೆಂಗೈತಿ?" ಎಂದು ಕೇಳಿದರು. ಚೆನ್ನಾಗಿದೆ, ಪಾಸ್ಟರರ ಒಳ್ಳೆಯ ಪ್ರಸಂಗಗಳಿವೆ, ಉಪದೇಶವಿದೆ ಅಂದೆ. "ನಿನಗ ಛಲೋ ಐತಿ. ಹದಿನಾರರ ಹುಡುಗಿ ಓದತಾಳೇನು? ಅದು ಹೇಳು. ಅಕಿ ಓದಲಿಲ್ಲ ಅಂದ್ರ ಅದು ರೊಟ್ಟಿ ಕಟ್ಟೋ ಕಾಗದ" ಅಂದರು. ಆ ಮಾತು ಎಷ್ಟು ನಿಜವೆಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಗದ್ವಾಲದ ಬೀರುವಿನಲ್ಲಿ ನಾನೇ ಇಟ್ಟ ಪ್ರಸಂಗಗಳ ಪತ್ರಿಕೆಯಲ್ಲಿ ಯುವಜನ ಕೂಟದವರು ಮಿರ್ಚಿ ಕಟ್ಟಿಸಿಕೊಂಡು ತಿನ್ನುತ್ತಿದ್ದುದನ್ನು ನನ್ನ ಕಣ್ಣಾರೆ ನೋಡಿದೆ.

ತಪ್ಪುಗಳು ಬೇಕಾದಷ್ಟು ಆದವು. ಗಡಿಯಾಚೆ ಕರ್ನಾಟಕದಿಂದ ಒಂದು ಕನ್ನಡ ಪತ್ರಿಕೆ ತರಿಸುತ್ತಿದ್ದೆವು. ಕತೆಗಳು ಎಷ್ಟು ಚೆನ್ನಾಗಿರುತ್ತಿದ್ದವೆಂದರೆ ನಾನೇ ಎರಡೆರಡು ಸಲ ಓದುತ್ತಿದ್ದೆ. ಆದರೆ ನಮ್ಮ ಹುಡುಗರು ಮನೆಯಲ್ಲಿ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ತೆಲುಗು ಓದುತ್ತಾರೆ. ಕನ್ನಡದ ಅಕ್ಷರ ಕಂಡರೆ, "ನಮ್ಮ ಮುತ್ಯಾಗ ಕೊಡ್ರಿ ಅಕ್ಕ" ಎಂದು ಪಕ್ಕಕ್ಕಿಡುತ್ತಿದ್ದರು. ಆ ಅಜ್ಜಂದಿರಿಗೆ ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದು ಸಲ ಸಂಗೀತಕ್ಕೆಂದೇ ಇರುವ ಪತ್ರಿಕೆ ಎಂದು ಹಿಗ್ಗಿನಿಂದ ತರಿಸಿದೆ. ಬಿಚ್ಚಿ ನೋಡಿದರೆ ಅದರ ತುಂಬ ಐದು ಗೆರೆಯ ಇಂಗ್ಲಿಷ್ ಸ್ವರಲಿಪಿ. ಮಕ್ತಲದಲ್ಲಿ ಗಿಟಾರ್ ನುಡಿಸುವವನೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಕ, ತಂತಿ ಮ್ಯಾಲ ಇರುವಿ ಕುಂತಂಗ ಐತ್ರಿ. ನಮಗ ಪದದ ತಲಿಮ್ಯಾಗ ಕಾರ್ಡ್ ಬರದಿದ್ರ ಸಾಕು" ಅಂದ. ಕಾರ್ಡ್ ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು. ಪದದ ಸಾಲು, ಅದರ ನೆತ್ತಿಯ ಮೇಲೆ ಎಲ್ಲಿ ಯಾವ ಕಾರ್ಡ್ ಹಿಡಿಯಬೇಕೆಂಬ ಗುರುತು. ನಮ್ಮ ಕಡೆಯ ಹುಡುಗರು ಸಂಗೀತ ಕಲಿತದ್ದೇ ಹಾಗೆ.

ಇನ್ನು ಕೆಲವು ಪತ್ರಿಕೆಗಳಲ್ಲಿ ಅಕ್ಕಪಕ್ಕದವರ ದೇವರನ್ನು ಹೀಗಳೆದು ಬರೆಯುತ್ತಿದ್ದರು. ಅವನ್ನು ನಾನು ಬಾಗಿಲ ಒಳಗೇ ಬಿಡಲಿಲ್ಲ. ವಾಚನಾಲಯದ ಎದುರು ಮನೆಯ ನೇಕಾರ ನರಸಪ್ಪ ದಿನಾ ಬೆಳಿಗ್ಗೆ ನಮ್ಮ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದ. ಬೋರು ಕೆಟ್ಟಾಗ ನಾವು ನೀರು ತರುತ್ತಿದ್ದುದು ಅವನ ಮನೆಯಿಂದ. ಅವನ ನೀರು ಕುಡಿದು ಅವನ ದೇವರನ್ನು ಬಯ್ಯುವ ಪತ್ರಿಕೆಯನ್ನು ಅವನ ಕೈಗೇ ಕೊಡುವುದು ಯಾವ ಸುವಾರ್ತೆ?

ಪತ್ರಿಕೆ ಒಳ್ಳೆಯದಿದ್ದು ಅದರಲ್ಲಿ ಒಂದೋ ಎರಡೋ ಪುಟ ಬೇಡವಾಗಿದ್ದರೆ ಅದಕ್ಕೂ ಸುಗುಣಮ್ಮನವರ ಒಂದು ಪದ್ಧತಿಯಿತ್ತು. ಮೈದಾ ಹಿಟ್ಟನ್ನು ಕುದಿಸಿ ಅಂಟು ಮಾಡುವುದು, ಹುಳ ತಿನ್ನದ ಹಾಗೆ ಚಿಟಿಕೆ ಮೈಲುತುತ್ತ ಹಾಕುವುದು, ಬೇಡವಾದ ಭಾಗದ ಮೇಲೆ ಬಿಳಿ ಹಾಳೆ ಅಂಟಿಸುವುದು. ಆ ಬಿಳಿ ಹಾಳೆಯ ಮೇಲೆ ಅವರೇ ಕೈಯಾರೆ ಬರೆಯುತ್ತಿದ್ದರು, 'ಇಲ್ಲಿದ್ದುದು ಟಾನಿಕ್ಕಿನ ಜಾಹೀರಾತು, ಮೋಸ, ಕೊಳ್ಳಬೇಡಿರಿ' ಎಂದು. ಹುಡುಗರು ಅದನ್ನು ಓದಿ ನಗುತ್ತಿದ್ದರು. ನಗಲಿ ಬಿಡಿ, ಯಾಕೆ ಮುಚ್ಚಿದ್ದಾರೆಂದು ಅವರಿಗೆ ಗೊತ್ತಾಗುತ್ತಿತ್ತಲ್ಲ. ಈ ಬಿಳಿ ಹಾಳೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸುಗುಣಮ್ಮ ತೀರಿಕೊಂಡ ಮೇಲೆ ವಾಚನಾಲಯದ ಸಮಿತಿಗೆ ಅಧ್ಯಕ್ಷರಾಗಿ ಪಾಸ್ಟರ್ ಜೀವರತ್ನಂ ಬಂದರು. ನಮ್ಮಲ್ಲಿ ಪಾಸ್ಟರರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಯ್ಯಗಾರು ಅನ್ನುತ್ತೇವೆ. ಕೆಟ್ಟ ಮನುಷ್ಯರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನೆಲದ ಮೇಲೆ ಕೂರುವವರು ಅವರೇ. ಆದರೆ ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ಜಾತಿ. ಅವರಿಗೆ ಸಕ್ಕರೆ ಕಾಯಿಲೆ. ಸಮಿತಿಯಲ್ಲಿ ಚಹಾ ಬಂದಾಗ ಅಂಗಿಯ ಜೇಬಿನಿಂದ ಮಾತ್ರೆ ತೆಗೆದು, ಗೋಡೆಯ ಕಡೆ ಮುಖ ಮಾಡಿ ನುಂಗುತ್ತಿದ್ದರು. ನಮಗೆಲ್ಲ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ.

ಅವರ ಕಾಲದಲ್ಲೇ ಹೈದರಾಬಾದಿನಿಂದ ಒಂದು ತೆಲುಗು ಪತ್ರಿಕೆ ಬರತೊಡಗಿತು. ಹಸಿರು ರಟ್ಟು, ಹುಡುಗರು ಅದನ್ನು ಹಸಿರು ಪುಸ್ತಕ ಎಂದೇ ಕರೆಯುತ್ತಿದ್ದರು. ತಿಂಗಳಿಗೆ ನಾಲ್ಕು ಹೊಸ ಹಾಡು, ಪದದ ನೆತ್ತಿಯ ಮೇಲೆ ಕಾರ್ಡ್, ತಾಳದ ಹೆಸರು, ಕೀಬೋರ್ಡಿನಲ್ಲಿ ಯಾವ ಶಬ್ದ ಹಾಕಬೇಕೆಂಬ ಸೂಚನೆ ಕೂಡ. ಅದು ಬಂದ ಮೇಲೆ ಬೀರುವಿನ ಮುಂದೆ ಹುಡುಗರು ಕಾದು ನಿಲ್ಲುವುದನ್ನು ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದೆ. ನಾನೇ ಆರಿಸಿದ್ದು, ನನಗೆ ಹೆಮ್ಮೆಯಿತ್ತು. ಆದರೆ ಹಿಂದಿನ ಪುಟಗಳಲ್ಲಿ ಸಾಕ್ಷಿಗಳು. ಸಾಕ್ಷಿ ಅಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಒಬ್ಬರು ನಾಲ್ಕು ಜನರ ಮುಂದೆ ಹೇಳುವುದು. ಒಳ್ಳೆಯ ವಾಡಿಕೆ, ನಾನೂ ಹೇಳಿದ್ದೇನೆ. ಹಸಿರು ಪುಸ್ತಕದ ಸಾಕ್ಷಿಗಳಲ್ಲಿ ಮಾತ್ರ ಯಾರೂ ದವಾಖಾನೆಗೆ ಹೋಗುತ್ತಿರಲಿಲ್ಲ. ಹೋದರೂ ಡಾಕ್ಟರು ಕೈಚೆಲ್ಲುತ್ತಿದ್ದರು.

ಸಲೋಮಿಯ ವಿಷಯಕ್ಕೆ ಬರುತ್ತೇನೆ. ಮಾಗನೂರಿನ ಕಡೆಯ ಹುಡುಗಿ. ತಾಯಿ ಮರಿಯಮ್ಮ, ತಂದೆ ಇಬ್ಬರೂ ಸುಗ್ಗಿ ಮುಗಿದ ಮೇಲೆ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗುವವರು. ಇವಳು ಅಜ್ಜಿಯ ಜೊತೆ ಇದ್ದುಕೊಂಡು ಮಕ್ತಲದಲ್ಲಿ ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದಳು, ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದಳು. ಯಾರೂ ಕಲಿಸಿದ್ದಲ್ಲ. ಒಂದು ಸಲ ಕೇಳಿದ ಧಾಟಿ ಬಲಗೈಯಲ್ಲಿ ಇಳಿಯುತ್ತಿತ್ತು. ಎಡಗೈ ಸ್ವಲ್ಪ ಸೋಮಾರಿ, ಅದಕ್ಕೆ ಕಾರ್ಡ್ ನೋಡಿ ಹೇಳಬೇಕಿತ್ತು. ಅದಕ್ಕೇ ಹಸಿರು ಪುಸ್ತಕ ಅವಳಿಗೆ ಪ್ರಾಣ.

ಅವಳಿಗೆ ಮೂರ್ಛೆ ರೋಗವಿತ್ತು. ಒಂದು ಸಲ ಮಕ್ತಲದ ಬೀರುವಿನ ಮುಂದೆಯೇ ಬಿದ್ದಳು. ಯಾರೋ ಬೀಗದ ಕೈ ಗೊಂಚಲು ತಂದು ಅವಳ ಮುಷ್ಟಿಗೆ ತುರುಕಲು ಬಂದರು. ಬೈದು ದೂರ ಸರಿಸಿ, ಅವಳನ್ನು ಮಗ್ಗುಲಾಗಿಸಿ ತಲೆಯ ಕೆಳಗೆ ನನ್ನ ಚೀಲ ಇಟ್ಟೆ. ಎಚ್ಚರವಾದ ಮೇಲೆ ಮೊದಲು ಕೇಳಿದ್ದು, "ಅಕ್ಕ, ಹುಡುಗರು ನೋಡಿದ್ರೇನ್ರಿ?" ಎಂದು. ರಾಯಚೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟ ಮೇಲೆ ಬೀಳುವುದು ನಿಂತಿತ್ತು. ಮರಿಯಮ್ಮ ಪುಣೆಗೆ ಹೊರಡುವ ಮುಂಚೆ ನನ್ನ ಹತ್ತಿರ ಬಂದು, "ಮುದುಕಿಗೆ ಮರವು ಐತ್ರಿ ಅಕ್ಕ. ಗುಳಿಗಿ ತಗೋತಾಳೋ ಇಲ್ಲೋ ನೀವು ಬಂದಾಗೊಮ್ಮೆ ಕೇಳ್ರಿ. ನೀವು ಕೇಳಿದ್ರ ಅಂಜತಾಳ" ಎಂದು ಹೇಳಿ ಹೋಗಿದ್ದಳು. ನಾನು ಕೇಳುತ್ತಿದ್ದೆ. ಅವಳು ಕೀಬೋರ್ಡಿನ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಆಡಿಸಿ ತೋರಿಸಿ ನಗುತ್ತಿದ್ದಳು.

ಆ ತಿಂಗಳ ಹಸಿರು ಪುಸ್ತಕದಲ್ಲಿ ಒಂದು ಹಾಡು ಬಂತು. ಕೂಟಗಳಲ್ಲೆಲ್ಲ ಅದೇ ಹಾಡು ಹಬ್ಬಿತ್ತು. ಫೋನಿನಲ್ಲಿ ಎಲ್ಲರೂ ಕೇಳಿದ್ದರು, ಆದರೆ ಕೊನೆಯ ಚರಣದಲ್ಲಿ ಧಾಟಿ ಒಮ್ಮೆಲೇ ಏರುತ್ತದೆ, ಕಾರ್ಡ್‌ಗಳು ಬದಲಾಗುತ್ತವೆ, ಅದು ಯಾರಿಗೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಪತ್ರಿಕೆಯಲ್ಲಿ ಆ ಕೊನೆಯ ಚರಣವನ್ನು ಜಾಗ ಸಾಲದೆ ಹಿಂದಿನ ಪುಟಗಳಿಗೆ ಒಯ್ದಿದ್ದರು. ಅದರ ಎದುರು ಪುಟದಲ್ಲಿ ಒಂದು ಹುಡುಗಿಯ ಸಾಕ್ಷಿ. ಚಿಕ್ಕಂದಿನಿಂದ ಮೂರ್ಛೆ ಬರುತ್ತಿತ್ತಂತೆ. ಉಪವಾಸ ಕೂಟದಲ್ಲಿ ಪ್ರಾರ್ಥನೆ ಮಾಡಿಸಿಕೊಂಡು ಮಾತ್ರೆಗಳನ್ನು ಬಾವಿಗೆ ಎಸೆದಳಂತೆ, ಅಂದಿನಿಂದ ಒಮ್ಮೆಯೂ ಬಿದ್ದಿಲ್ಲವಂತೆ. ಕೆಳಗೆ ಅವಳು ನಗುವ ಫೋಟೋ.

ಓದಿದವಳೇ ಪತ್ರಿಕೆ ಹಿಡಿದು ಅಯ್ಯಗಾರರ ಮನೆಗೆ ಹೋದೆ. ಈ ತಿಂಗಳದ್ದು ಬೀರುವಿಗೆ ಇಡುವುದು ಬೇಡ ಅಂದೆ.

"ಇಡಲಿಲ್ಲ ಅಂದ್ರ ಹುಡುಗರು ಕೂಟಕ್ಕ ಬರೋದ ಬಿಡತಾರ, ಎಸ್ತೇರಮ್ಮ. ಆ ಹಾಡಿಗಂತ ಎಲ್ಲಾರೂ ಕಾಯಾಕ ಹತ್ಯಾರ" ಅಂದರು.

"ಹಂಗಾದ್ರ ಬಿಳಿ ಹಾಳಿ ಅಂಟಸ್ತೀನ್ರಿ. ಅದರ ಮ್ಯಾಗ ಬರೀತೀನಿ, ಪ್ರಾರ್ಥನಿ ಮಾಡ್ರಿ, ಗುಳಿಗಿ ಬಿಡಬ್ಯಾಡ್ರಿ ಅಂತ."

ಅವರು ಗಾಬರಿಯಾದರು. "ಅಯ್ಯೋ, ಹಂಗ ಬರದ್ರ ಹಿರೇರು ಏನಂತಾರ? ದೇವರ ಸ್ವಸ್ಥತಾ ಸುಳ್ಳು ಅಂತ ನಮ್ಮ ವಾಚನಾಲಯನ ಬರದಂಗ ಆಗತೈತಿ. ಏನೂ ಬರೀಬ್ಯಾಡ್ರಿ. ಆ ಎರಡೂ ಪುಟ ಒಂದಕ್ಕೊಂದು ಅಂಟಿಸಿಬಿಡ್ರಿ. ಸುಮ್ಮನ ಮುಚ್ಚಿಹೋಗತೈತಿ."

"ಹಾಡಿನ ಕೊನಿ ಚರಣ ಅದರಾಗ ಐತ್ರಿ."

"ಒಂದು ಚರಣ ಹೋದ್ರ ಪ್ರಳಯ ಆಗತೈತೇನ್ರಿ?"

ಇನ್ನೂ ಎರಡು ಮಾತು ಆಡಿದೆ, ಸಿಟ್ಟು ಬಂತು, ಎದ್ದು ಬಂದೆ. ಬಂದು ಮೈದಾ ಕುದಿಸಿ, ಮೂರೂ ಊರಿನ ಪ್ರತಿಗಳಲ್ಲಿ ಆ ಎರಡು ಪುಟಗಳನ್ನು ಸೇರಿಸಿ ಅಂಟಿಸಿ, ಮೇಲೆ ಮಸಾಲೆ ರುಬ್ಬುವ ಗುಂಡು ಹೇರಿಟ್ಟು ಒಣಗಿಸಿದೆ. ಒಣಗಿದ ಮೇಲೆ ಎರಡು ಹಾಳೆ ಸೇರಿ ರಟ್ಟಿನ ಹಾಗೆ ಗಟ್ಟಿಯಾಗಿ ನಿಂತಿತ್ತು. ಪತ್ರಿಕೆ ತೆರೆದ ಕೂಡಲೇ ಅಲ್ಲಿಗೇ ತೆರೆದುಕೊಳ್ಳುತ್ತಿತ್ತು. ಏನನ್ನೋ ಬಚ್ಚಿಟ್ಟಿದ್ದಾರೆ ಎಂದು ಕುರುಡನಿಗೂ ಗೊತ್ತಾಗುವ ಹಾಗಿತ್ತು.

ಕೆಲವು ವಾರ ಕಳೆದು ಒಂದು ಭಾನುವಾರ ನಾನು ಮಕ್ತಲದ ಚರ್ಚಿನಲ್ಲಿದ್ದೆ. ಸಲೋಮಿ ಆ ಹಾಡು ಎತ್ತಿಕೊಂಡಳು. ಕೊನೆಯ ಚರಣ ಬಂತು. ಬಿಟ್ಟುಬಿಡುತ್ತಾಳೆ ಎಂದುಕೊಂಡೆ. ಅವಳು ಬಿಡಲಿಲ್ಲ. ಧಾಟಿ ಏರಿತು, ಎಡಗೈ ತಪ್ಪದೆ ಹೊಸ ಕಾರ್ಡ್ ಹಿಡಿಯಿತು, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆರಾಧನೆ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಆ ಚರಣ ಎಲ್ಲಿ ಸಿಕ್ಕಿತವ್ವ ನಿನಗ?"

ನಗುತ್ತಲೇ ಹೇಳಿದಳು. "ಅನ್ನದ ಗಡಿಗಿ ಹಬಿ ಮ್ಯಾಗ ಹಿಡಿದ್ನಿ ಅಕ್ಕ. ನಿಮ್ಮ ಅಂಟು ಮೆಲ್ಲಕ ಬಿಟ್ಟಕೊಂತು."

"ಎದರಿನ ಪುಟ ಓದಿದ್ಯಾ?"

"ಇಲ್ಲರಿ ಅಕ್ಕ, ಹಾಡಷ್ಟ ನೋಡಿದ್ನಿ."

"ಗುಳಿಗಿ?"

ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಆಡಿಸಿ ತೋರಿಸಿದಳು. ಅದು ಹೊಸದೋ ಹಳೆಯದೋ, ಅದರಲ್ಲಿ ಎಷ್ಟು ಉಳಿದಿವೆಯೋ ನಾನು ಕೈಗೆ ತೆಗೆದುಕೊಂಡು ನೋಡಲಿಲ್ಲ. ಹರೆಯದ ಹುಡುಗಿ, ಎಲ್ಲರ ಮುಂದೆ ಅವಮಾನವಾಗಬಾರದು ಎಂದುಕೊಂಡೆ. ಬಸ್ಸಿಗೂ ಹೊತ್ತಾಗಿತ್ತು.

ಅವಳು ಓದಿದ್ದಳು. ಓದಿದ ದಿನದಿಂದಲೇ ಮಾತ್ರೆ ಬಿಟ್ಟಿದ್ದಳು. ಮೊದಮೊದಲು ಏನೂ ಆಗಲಿಲ್ಲ. ಆಗದಿದ್ದುದೇ ಅವಳಿಗೆ ಪುರಾವೆಯಾಯಿತು. ಇನ್ನಷ್ಟು ದಿನ ನೋಡಿ, ಅವ್ವ ಪುಣೆಯಿಂದ ಬಂದಾಗ ಚರ್ಚಿನಲ್ಲಿ ಎದ್ದು ನಿಂತು ತಾನೂ ಸಾಕ್ಷಿ ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದಳಂತೆ. ಒಂದು ಬೆಳಿಗ್ಗೆ ಅಜ್ಜಿ ಹಿತ್ತಲಿಗೆ ಹೋಗಿದ್ದಾಗ, ಕಾಲೇಜಿಗೆ ಬುತ್ತಿ ಕಟ್ಟಿಕೊಳ್ಳಲು ರೊಟ್ಟಿ ಬಡಿಯುತ್ತ ಕೂತವಳು ಒಲೆಯ ಮೇಲೆ ಬಿದ್ದಳು. ಬಲಗೈ ಒಲೆಯೊಳಗಿತ್ತು. ಅಜ್ಜಿ ಬಂದು ಎಳೆಯುವವರೆಗೂ ಅಲ್ಲೇ ಇತ್ತು.

ರಾಯಚೂರಿನ ದವಾಖಾನೆಗೆ ಹೋಗಿ ನೋಡಿದೆ. ಜೀವ ಉಳಿದಿದೆ, ಅಷ್ಟು ಸಾಕು ಅಂದರು ಎಲ್ಲರೂ. ಗಾಯ ಮಾಯುತ್ತ ಬಂದ ಹಾಗೆ ಬೆರಳುಗಳು ಅಂಗೈಯ ಕಡೆ ಬಾಗಿ ಒಂದಕ್ಕೊಂದು ಕೂಡಿಕೊಂಡವು. ಮತ್ತೆ ನೋಡಲು ಹೋದಾಗ ಅವಳು ಆ ಕೈಯನ್ನು ಓಢಣಿಯೊಳಗೆ ಇಟ್ಟುಕೊಂಡೇ ಮಾತಾಡಿದಳು. ನನ್ನಿಂದ ನೋಡಲಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ನಾನು ಆ ಓಢಣಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಮರಿಯಮ್ಮ ಪುಣೆಯಿಂದ ಬಂದವಳು ಮಗಳನ್ನು ಮನೆಗೆ ಸೇರಿಸಿದ ಮೇಲೆ ನಾರಾಯಣಪೇಟೆಗೆ ಬಂದಳು. ವಾಚನಾಲಯದಲ್ಲಿ ನಾನೊಬ್ಬಳೇ ಇದ್ದೆ. ಸೆರಗಿನಡಿಯಿಂದ ಹಸಿರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಹಬೆಗೆ ಹಿಡಿದು ಬಿಡಿಸಿದ ಆ ಪುಟ ಸೊಟ್ಟಗೆ ಮುರುಟಿತ್ತು.

"ನನಗ ಓದಾಕ ಬರಂಗಿಲ್ಲ. ಇದ್ರಾಗ ಏನು ಬರದೈತಿ ಓದ್ರಿ ಅಕ್ಕ. ಒಂದ ಮಾತೂ ಬಿಡಬ್ಯಾಡ್ರಿ" ಅಂದಳು.

ಓದಿದೆ. ತೆಲುಗು ಅವಳಿಗೆ ತಿಳಿಯುತ್ತದೆ. ಬಾವಿಗೆ ಎಸೆದ ಮಾತು ಬಂದಾಗ ಇನ್ನೊಮ್ಮೆ ಓದಿಸಿದಳು.

"ಇದು ಖರೇ ಏನ್ರಿ?"

"ಆ ಹುಡುಗಿಗೆ ಏನಾತೋ ನನಗ ಗೊತ್ತಿಲ್ಲವ್ವ. ಗುಳಿಗಿ ಬಿಡಬಾರದು, ಅದು ಮಾತ್ರ ಗೊತ್ತು."

"ಗೊತ್ತಿತ್ತಲ್ರಿ ನಿಮಗ. ಅದಕ್ಕ ಅಂಟಿಸಿದ್ರಿ. ಹಿಟ್ಟು ಕುದಿಸಿ ಅಂಟಸಾಕ ನಿಮಗ ಹೊತ್ತಿತ್ತು. ಬಾಯಿ ಬಿಟ್ಟು ಹೇಳಾಕ ಇರಲಿಲ್ಲೇನ್ರಿ?"

ಅವಳು ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆನೋ ಏನೋ. ಮೆಲ್ಲಗೆ ಕೇಳಿದಳು. ನೀರು ಕೊಟ್ಟೆ, ಕುಡಿಯಲಿಲ್ಲ. ಪುಸ್ತಕವನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಇದಕ್ಕಿಂತ ದೊಡ್ಡ ಪೆಟ್ಟು ಸಲೋಮಿಯಿಂದಲೇ ಬಂತು. ಮಾಗನೂರಿಗೆ ಅವಳನ್ನು ನೋಡಲು ಹೋಗಿದ್ದೆ. ಅಂಗಳದಲ್ಲಿ ಕೂತು ಎಡಗೈಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. "ಎಸ್ತೇರಕ್ಕ, ನಿಮಗೊಂದು ಹೇಳ್ತೀನಿ, ಬ್ಯಾಸರ ಮಾಡಕೋಬ್ಯಾಡ್ರಿ. ನೀವು ಅಂಟಿಸಿರಲಿಲ್ಲ ಅಂದ್ರ ನಾ ಅದನ್ನ ಓದತಿದ್ದಿಲ್ಲ. ಸಾಕ್ಷಿ ಪುಟ ನಾವ್ಯಾರು ಓದತಿದ್ವಿ ಹೇಳ್ರಿ? ಹಾಡು ನೋಡಿ ಮಡಚಿ ಇಡತಿದ್ವಿ. ನೀವು ಮುಚ್ಚಿದ್ರಿ. ದೊಡ್ಡೋರು ಇಷ್ಟು ಬಂದೋಬಸ್ತ್ ಮಾಡಿ ಮುಚ್ಚ್ಯಾರಂದ್ರ ಇದು ಖರೇನ ಇರಬೇಕು ಅಂದಕೊಂಡ್ನಿ" ಅಂದಳು.

ನಾನು ಅಷ್ಟು ವರ್ಷ ಮಾಡಿದ ಕೆಲಸದ ಬಗ್ಗೆ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಸುಗುಣಮ್ಮನವರ ಬಿಳಿ ಹಾಳೆಗೂ ನಮ್ಮ ಮುಚ್ಚಿದ ಪುಟಕ್ಕೂ ಇದ್ದ ವ್ಯತ್ಯಾಸ ಅಲ್ಲಿ ಆ ಅಂಗಳದಲ್ಲಿ ನನಗೆ ತಿಳಿಯಿತು. ಅವರು ಮುಚ್ಚುತ್ತಿದ್ದರು, ಯಾಕೆ ಮುಚ್ಚಿದೆನೆಂದು ಹೇಳುತ್ತಿದ್ದರು. ನಾವು ಅರ್ಧ ಕೆಲಸವನ್ನಷ್ಟೇ ಉಳಿಸಿಕೊಂಡಿದ್ದೆವು.

ಅವಳೇ ಒಂದು ಮಾತು ಕೇಳಿದಳು. "ನಾನೂ ಸಾಕ್ಷಿ ಬರದ್ರ ಹಸಿರು ಪುಸ್ತಕದಾಗ ಹಾಕತಾರೇನ್ರಿ?" ಬರಿ ಅಂದೆ. ಎಡಗೈಯಲ್ಲಿ ಬರೆಯಲು ಇನ್ನೂ ಬರುತ್ತಿರಲಿಲ್ಲ. ಅವಳು ಹೇಳಿದಳು, ನಾನು ಬರೆದುಕೊಂಡೆ. ಮಾತ್ರೆ ಬಿಟ್ಟದ್ದು, ಬಿದ್ದದ್ದು, ಕೈ ಸುಟ್ಟದ್ದು, ಈಗ ಮತ್ತೆ ಮಾತ್ರೆ ನುಂಗುತ್ತಿರುವುದು, ದೇವರ ಮೇಲೆ ಸಿಟ್ಟಿಲ್ಲದಿರುವುದು. 'ಮಾತ್ರೆಯನ್ನೂ ಅವನೇ ಕೊಟ್ಟನೆಂದು ನನಗೆ ಯಾರೂ ಹೇಳಿರಲಿಲ್ಲ' ಎಂದು ಕೊನೆಗೆ ಬರೆಸಿದಳು. ಪತ್ರಿಕೆಗೆ ಕಳಿಸಿದೆ. ಬಹಳ ದಿನ ಉತ್ತರವಿಲ್ಲ. ನಾನೇ ಫೋನ್ ಮಾಡಿದಾಗ ಅಲ್ಲಿಯವರು ಮರ್ಯಾದೆಯಿಂದಲೇ ಹೇಳಿದರು, ಓದುಗರ ವಿಶ್ವಾಸವನ್ನು ಕುಗ್ಗಿಸುವಂಥ ಸಾಕ್ಷಿಗಳನ್ನು ನಾವು ಹಾಕುವುದಿಲ್ಲಮ್ಮ, ಆ ಮಗುವಿಗಾಗಿ ಪ್ರಾರ್ಥಿಸುತ್ತೇವೆ ಎಂದು.

ಹಸಿರು ಪುಸ್ತಕ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ. ಹುಡುಗರು ಕೂಟಕ್ಕೆ ಬರುವುದು ಕಡಿಮೆಯಾಯಿತು, ಆಗಲಿ ಅಂದೆ. ಸಲೋಮಿಯ ಬರಹವನ್ನು ಝೆರಾಕ್ಸ್ ಮಾಡಿಸಿ ಮೂರೂ ಊರಿನ ಬೀರುವಿನ ಗಾಜಿಗೆ ಒಳಗಿನಿಂದ ಹಚ್ಚಿದೆ. ಮುಂದಿನ ತಿಂಗಳು ಹೋದಾಗ ಮಕ್ತಲದಲ್ಲಿ ಅದು ಇರಲಿಲ್ಲ. ಅಯ್ಯಗಾರರೇ ತೆಗೆಸಿದ್ದರು. ನೇರವಾಗಿ ಹೋಗಿ ಕೇಳಿದೆ.

"ಎಸ್ತೇರಮ್ಮ, ಹುಡುಗಿ ಲಗ್ನ ಆಗಬೇಕಲ್ಲ. ರೋಗದ ಸುದ್ದಿ ಗ್ವಾಡಿಗೆ ಹಚ್ಚಿದ್ರ ಯಾರು ಮಾಡಿಕೊಂತಾರ? ಅಕಿ ಸಲುವಾಗೇ ತೆಗಿಸಿದ್ನಿ" ಅಂದರು.

"ಅಕಿ ಸಲುವಾಗಿ ಒಂದು ಮಾಡ್ರಿ ಅಯ್ಯಗಾರು. ಮುಂದಿನ ಐತವಾರ ಪ್ರಸಂಗದಾಗ ನಿಮ್ಮ ಜೇಬಿನಾಗಿನ ಸಕ್ಕರಿ ಗುಳಿಗಿ ತೆಗದು ತೋರಸ್ರಿ. ನಾನೂ ನುಂಗತೀನಿ ಅಂತ ಒಂದ ಮಾತು ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ಅವರ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು. "ನೋಡೋಣ" ಅಂದರು. ಎಷ್ಟೋ ಭಾನುವಾರ ಬಂದು ಹೋದವು.

ಈಗ ಕೆಲಸದ ರೀತಿಯೇ ಬದಲಾಗಿದೆ. ಪತ್ರಿಕೆ ಫೋನಿಗೆ ಬರುತ್ತದೆ, ಹಾಡಿನ ಕಾರ್ಡ್‌ಗಳು ಬೆರಳು ತಾಗಿಸಿದರೆ ಸಿಗುತ್ತವೆ, ಅದರ ಹಿಂದೆಯೇ ಮಾತ್ರೆ ಎಸೆದವರ ವಿಡಿಯೋ ಕೂಡ ಬರುತ್ತದೆ. ಅಲ್ಲಿ ಅಂಟಿಸಲು ಪುಟವೇ ಇಲ್ಲ. ಫೋನ್ ಮಾಡಿದ ಹುಡುಗಿಗೆ ನಾನು ಹೇಳಬೇಕಾದದ್ದು ಇಷ್ಟೇ. ಹುಡುಗರಿಗೆ ಪತ್ರಿಕೆ ಆರಿಸುವಾಗ ಹಾಡು ಚೆನ್ನಾಗಿದೆಯೇ ಎಂದು ನೋಡು, ನೋಡಲೇಬೇಕು. ಹಾಡಿನ ಎದುರು ಪುಟದಲ್ಲಿ ಏನಿದೆ ಎಂಬುದನ್ನೂ ನೋಡು. ಅದು ಕೆಟ್ಟದ್ದಿದ್ದರೆ ತೆಗೆದು ಎಲ್ಲರ ನಡುವೆ ಇಟ್ಟು, ಇದು ಯಾಕೆ ಕೆಟ್ಟದ್ದು ಎಂದು ಬಾಯಿಬಿಟ್ಟು ಹೇಳು. ಹೇಳುವ ಧೈರ್ಯವಿಲ್ಲದಿದ್ದರೆ ತರಿಸಲೇಬೇಡ. ಈ ಎರಡರ ನಡುವಿನ ದಾರಿ ಹಿಡಿದವರು ನಾವು.

ನನ್ನ ಬೀಳ್ಕೊಡುಗೆಯ ದಿನದ್ದನ್ನು ಹೇಳಿ ಮುಗಿಸುತ್ತೇನೆ. ಮಕ್ತಲದ ಚರ್ಚಿನಲ್ಲೇ ಇಟ್ಟುಕೊಂಡಿದ್ದರು. ಹಾರ, ಹಣ್ಣು, ಹೊಗಳಿಕೆ ಎಲ್ಲ ಆಯಿತು. ಅಯ್ಯಗಾರು ಶಾಲು ಹೊದಿಸುವ ಮುಂಚೆ ನಾಲ್ಕು ಮಾತು ಆಡಿ ಎಂದರು. ನನ್ನ ಮಾತನ್ನು ಸಲೋಮಿ ಆಡುತ್ತಾಳೆ ಎಂದು ಹೇಳಿ ಕೂತುಬಿಟ್ಟೆ. ಅವಳಿಗೆ ಮೊದಲೇ ಹೇಳಿದ್ದೆ, ಬೇರೆ ಯಾರಿಗೂ ಹೇಳಿರಲಿಲ್ಲ.

ಅವಳು ಮುಂದೆ ಬಂದಳು. ಆಗ ಎಡಗೈಯಲ್ಲಿ ಕಾರ್ಡ್ ಹಿಡಿದು ನುಡಿಸುವುದನ್ನು ಮತ್ತೆ ಶುರು ಮಾಡಿದ್ದಳು. ಬಲಗೈ ನುಡಿಸಬೇಕಾದ ಧಾಟಿಯನ್ನು ಸಭೆಯೇ ಬಾಯಲ್ಲಿ ಹಾಡುತ್ತಿತ್ತು. ಕೀಬೋರ್ಡಿನ ಪಕ್ಕ ನಿಂತು, ಓಢಣಿಯನ್ನು ಭುಜದ ಮೇಲೆ ಎಸೆದು, ಅಲ್ಲಿಯವರೆಗೆ ಸಭೆಯಲ್ಲಿ ಯಾರಿಗೂ ತೋರಿಸದಿದ್ದ ಕೈಯನ್ನು ಹೊರಗೆ ತೆಗೆದಳು. ಮುಂದಿನ ಸಾಲಿನ ಮಕ್ಕಳು ತಾಯಂದಿರ ಮಡಿಲಿಗೆ ಸರಿದವು. ಅವಳು ಏನಾಯಿತೆಂದು ಹೇಳಿದಳು. ಅಳಲಿಲ್ಲ. ಹಿಂದಿನ ಬಾಗಿಲ ಹತ್ತಿರ ಮರಿಯಮ್ಮ ಗೋಡೆಗೆ ಆತು ನಿಂತಿದ್ದಳು.

ಕೊನೆಗೆ ಅಂದಳು, "ನಾ ಗುಳಿಗಿ ತಗೋತೀನ್ರಿ. ದಿನಾ ತಗೋತೀನಿ. ಪ್ರಾರ್ಥನಿನೂ ಮಾಡ್ತೀನಿ. ಇಲ್ಲಿ ಗುಳಿಗಿ ತಗೊಳ್ಳೋರು ಇನ್ನೂ ಯಾರ್ಯಾರು ಅದೀರಿ, ಕೈ ಎತ್ರಿ. ನನ್ನಂಥಾ ಹುಡುಗರು ನೋಡಲಿ." ಹೇಳಿ ಆ ಸುಟ್ಟ ಕೈಯನ್ನೇ ಮೇಲೆತ್ತಿದಳು.

ನಾನು ಬಿಪಿಯವಳು, ಎತ್ತಿದೆ. ಸ್ವಲ್ಪ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಎತ್ತಿದಳು. ಆಮೇಲೆ ಗಂಡಸರ ಕಡೆಯಿಂದ ಒಬ್ಬ, ಟಿಬಿಗೆ ಮಾತ್ರೆ ನುಂಗಿ ವಾಸಿಯಾದವನು. ಒಂದೊಂದಾಗಿ ಕೈಗಳು ಏಳತೊಡಗಿದವು. ಗಿಟಾರಿನ ಹುಡುಗನೂ ಎತ್ತಿದ, ಅವನಿಗೇನಿತ್ತೋ ಇಂದಿಗೂ ನನಗೆ ತಿಳಿಯದು. ಮೂರು ಊರಿನಲ್ಲಿ ಅಷ್ಟು ವರ್ಷ ಓಡಾಡಿದವಳಿಗೆ ಅವರಲ್ಲಿ ಅರ್ಧ ಜನದ ಕಾಯಿಲೆಯ ಸುಳಿವೇ ಇರಲಿಲ್ಲ.

ಎಲ್ಲರ ಕಣ್ಣು ಅಯ್ಯಗಾರರ ಮೇಲೆ ಹೋಯಿತು. ಅವರು ನನಗೆ ಹೊದಿಸಬೇಕಿದ್ದ ಶಾಲನ್ನು ಬಿಡಿಸಿ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದುಕೊಂಡು ನಿಂತಿದ್ದರು. ಶಾಲನ್ನು ಕೆಳಗಿಡಬಹುದಿತ್ತು, ಪಕ್ಕದವರಿಗೆ ಕೊಡಬಹುದಿತ್ತು. ಇಡಲಿಲ್ಲ, ಕೊಡಲಿಲ್ಲ. ತಲೆ ತಗ್ಗಿಸಿ ಶಾಲಿನ ಅಂಚನ್ನೇ ನೋಡುತ್ತಿದ್ದರು. ಸಲೋಮಿ ಎತ್ತಿದ ಕೈ ಇಳಿಸದೆ, ಅವರನ್ನೇ ನೋಡುತ್ತ, ಕಾಯುತ್ತ ನಿಂತಳು.